ಈಜುಕೊಳದ ವೈರಿಂಗ್: ಅರ್ಥಿಂಗ್ ಬೇರೆ, ಬಾಂಡಿಂಗ್ ಬೇರೆ

ಈಜುಕೊಳ ಮತ್ತು ಸ್ಪಾ ವೈರಿಂಗ್ ಪಾಠಕ್ಕೆ ಬಂದಾಗ ನಾನು ಮೊದಲು ಮಾಡಿದ್ದು ಜೋನ್‌ಗಳ, ಅಂದರೆ ನೀರಿನಿಂದ ಇರುವ ದೂರದ ಮೇಲೆ ಭಾಗ ಮಾಡಿದ ಜಾಗಗಳ, ಅಳತೆ ಬಾಯಿಪಾಠ. ಎರಡು ಮೀಟರ್, ಒಂದೂವರೆ ಮೀಟರ್, ಎರಡೂವರೆ ಮೀಟರ್. ಪರೀಕ್ಷೆಗೆ ಅದು ಸಾಕಾಯಿತು. ಆದರೆ ಒಂದು ಅಪಾರ್ಟ್‌ಮೆಂಟಿನ ಪಂಪ್ ರೂಮಿಗೆ ಹೆಲ್ಪರ್ ಆಗಿ ಹೋದ ದಿನ, ಯಾವ ತಂತಿ ಯಾಕೆ ಅಲ್ಲಿದೆ ಅಂತ ನನಗೆ ಹೇಳಲಾಗಲಿಲ್ಲ. ಅಲ್ಲಿಂದ ಪಾಠವನ್ನು ತಿರುಗಿಸಿ ಓದಿದೆ. ಅಳತೆಗೆ ಮುಂಚೆ ಮೈಯ ಲೆಕ್ಕ ಹಿಡಿದುಕೊಂಡರೆ ಉಳಿದದ್ದು ತಾನಾಗಿ ಬರುತ್ತದೆ.

ಒಣಗಿದ ಕೈ ಕರೆಂಟಿಗೆ ಸ್ವಲ್ಪ ತಡೆ ಕೊಡುತ್ತದೆ. ಮೈ ಪೂರ್ತಿ ನೀರಿನಲ್ಲಿದ್ದರೆ ಚರ್ಮದ ತಡೆ ಬಹುಪಾಲು ಹೋಗಿಬಿಡುತ್ತದೆ. ಲೆಕ್ಕಕ್ಕೆ ಮೈಯ ರೆಸಿಸ್ಟೆನ್ಸ್ 500 ಓಮ್ ಅಂತ ಇಟ್ಟುಕೊಳ್ಳಿ. ಸುಮಾರು 10 ಮಿಲಿಆಂಪಿಯರ್ ಹರಿದರೆ ಸ್ನಾಯುಗಳು ಬಿಗಿದುಕೊಳ್ಳುತ್ತವೆ, ಹಿಡಿದದ್ದನ್ನು ಬಿಡಲು ಆಗುವುದಿಲ್ಲ. 500 ಓಮ್ ಇಂಟು 0.010 ಆಂಪಿಯರ್ ಅಂದರೆ 5 ವೋಲ್ಟ್. ಐದೇ ವೋಲ್ಟ್! ನೆಲದ ಮೇಲಿದ್ದವರು ಬೆಚ್ಚಿ ಹಿಂದೆ ಸರಿದಾರು. ನೀರಿನಲ್ಲಿ ಕೈಕಾಲು ಬಿಗಿದವರು ಮುಳುಗುತ್ತಾರೆ. ಹೃದಯ ನಿಲ್ಲುವಷ್ಟು ಕರೆಂಟೇ ಬೇಕಿಲ್ಲ. ದಡದಲ್ಲಿದ್ದವರ ಕಣ್ಣಿಗೆ ಅದು ಈಜು ಬಾರದೆ ಮುಳುಗಿದ ಹಾಗೆ ಕಾಣುತ್ತದೆ, ಬಿಡಿಸಲು ಹಾರಿದವರೂ ಸಿಕ್ಕಿಕೊಳ್ಳುತ್ತಾರೆ. 2023ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರ ಈಜುಕೊಳದಲ್ಲಿ ಮಗುವೊಂದು ತೀರಿಕೊಂಡಾಗಲೂ ಕರೆಂಟ್ ಹೊಡೆದಿರಬಹುದೆಂಬ ಶಂಕೆಯ ಮೇಲೆ ತನಿಖೆ ನಡೆಯಿತು. ಈ ಪಾಠವನ್ನು ಸುಮ್ನೆ ಅಂಕಕ್ಕಾಗಿ ಓದಬೇಡಿ ಅನ್ನುವುದು ಅದಕ್ಕೇ.

ಈಗ ಜೋನ್‌ಗಳು, ಬೇಗ ಮುಗಿಸೋಣ. ವೈರಿಂಗಿನ ಅಂತರರಾಷ್ಟ್ರೀಯ ಮಾನದಂಡವಾದ ಐಇಸಿ 60364ರ 7-702ನೇ ಭಾಗದಲ್ಲಿ ಇವು ಬರುತ್ತವೆ. ಕೊಳದ ಒಳಗಿನ ಜಾಗ, ಲೈಟ್ ಕೂರಿಸುವ ಗೂಡು ಮತ್ತು ಕಾಲು ತೊಳೆಯುವ ತೊಟ್ಟಿ ಸಹಿತ, ಜೋನ್ 0. ಅಂಚಿನಿಂದ 2 ಮೀಟರ್ ದೂರ, ನೆಲದಿಂದ 2.5 ಮೀಟರ್ ಎತ್ತರ ಜೋನ್ 1. ಅದರಾಚೆ ಇನ್ನೂ 1.5 ಮೀಟರ್ ಜೋನ್ 2. ಡೈವಿಂಗ್ ಬೋರ್ಡ್ ಅಥವಾ ಜಾರುಬಂಡೆ ಇದ್ದರೆ ಎತ್ತರವನ್ನು ಜನ ನಿಲ್ಲುವ ಮೇಲ್ಭಾಗದಿಂದ ಅಳೆಯಬೇಕು; ತುಂಬಾ ಜನ ತಪ್ಪುವುದು ಇಲ್ಲೇ. ಸಾಮಾನು ನೀರನ್ನು ಎಷ್ಟು ತಡೆಯುತ್ತದೆ ಅನ್ನುವುದನ್ನು ಐಪಿಎಕ್ಸ್ ಅಂಕಿ ಹೇಳುತ್ತದೆ. ಜೋನ್ 0ರಲ್ಲಿ ಸಾಮಾನು ಐಪಿಎಕ್ಸ್8 (ಮುಳುಗಿಯೇ ಇರಬಲ್ಲದ್ದು) ಇರಬೇಕು, ಜೋನ್ 1ರಲ್ಲಿ ಕನಿಷ್ಠ ಐಪಿಎಕ್ಸ್4. ಪೈಪ್ ಹಿಡಿದು ತೊಳೆಯುವ ಜಾಗವಾದರೆ ಐಪಿಎಕ್ಸ್5. ಪ್ಲಗ್ ಪಾಯಿಂಟ್ ಜೋನ್ 2ರಲ್ಲಿ ಹಾಕಬಹುದು, 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಆಫ್ ಆಗುವ ಸಾಧನ) ಇದ್ದರೆ.

12 ವೋಲ್ಟ್ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ನೀರಿನೊಳಗಿನ ಲೈಟಿಗೆ ಎಸಿ ಆದರೆ 12 ವೋಲ್ಟ್, ಡಿಸಿ ಆದರೆ 30 ವೋಲ್ಟ್ ಮೀರಬಾರದು ಅಂತ ನಿಯಮ. ಆದರೆ ನಮ್ಮ ಲೆಕ್ಕದ ಪ್ರಕಾರ 12 ವೋಲ್ಟ್ 500 ಓಮ್ ಮೇಲೆ ಬಿದ್ದರೆ 24 ಮಿಲಿಆಂಪಿಯರ್. ಇದು ಸ್ನಾಯು ಬಿಗಿಯಲು ಬೇಕಾದ್ದಕ್ಕಿಂತ ಜಾಸ್ತಿ, ಅಲ್ವಾ? ಹಾಗಾದರೆ 12 ವೋಲ್ಟ್ ಹೇಗೆ ಕಾಯುತ್ತದೆ? ಬರೀ ಆ ಅಂಕಿ ಕಾಯುವುದಿಲ್ಲ. ಸೆಲ್ವ್ ಅನ್ನುವ ಪದ್ಧತಿ, ಅಂದರೆ ಮೇನ್ ಲೈನಿನಿಂದಲೂ ಅರ್ಥಿನಿಂದಲೂ ಬೇರ್ಪಡಿಸಿದ ಕಡಿಮೆ ವೋಲ್ಟೇಜ್, ಕಾಯುತ್ತದೆ. ಸೇಫ್ಟಿ ಐಸೊಲೇಟಿಂಗ್ ಟ್ರಾನ್ಸ್‌ಫಾರ್ಮರ್‌ನ ಸೆಕೆಂಡರಿ ಕಡೆಯನ್ನು (12 ವೋಲ್ಟ್ ಹೊರಬರುವ ಕಡೆ) ಅರ್ಥಿಗೆ ಕಟ್ಟುವುದೇ ಇಲ್ಲ. ಒಂದು ತಂತಿ ನೀರಿಗೆ ತಾಗಿದರೂ ಕರೆಂಟ್ ಮರಳಿ ಹೋಗಲು ದಾರಿ ಇಲ್ಲ. ಎರಡೂ ತಂತಿ ಒಟ್ಟಿಗೆ ನೀರಿಗೆ ತೆರೆದುಕೊಂಡರೆ ಮಾತ್ರ ಅಪಾಯ, ಅದನ್ನು ತಡೆಯಲು ಐಪಿಎಕ್ಸ್8. ಈಗ ಯಾರೋ ಒಬ್ಬರು "ಅರ್ಥ್ ಕೊಟ್ಟರೆ ಇನ್ನೂ ಸೇಫ್" ಅಂತ ಸೆಕೆಂಡರಿಯ ಒಂದು ಕಾಲನ್ನು ಅರ್ಥಿಗೆ ಕಟ್ಟಿದರು ಅಂದುಕೊಳ್ಳಿ. ಆ ದಾರಿಯನ್ನು ಅವರೇ ತೆರೆದುಕೊಟ್ಟ ಹಾಗಾಯಿತು. ಎರಡು ಕಡೆಗೂ ಒಂದೇ ಸುರುಳಿ ಇರುವ ಆಟೊ ಟ್ರಾನ್ಸ್‌ಫಾರ್ಮರ್ ಹಾಕಿದರಂತೂ ಇನ್ನೂ ಕೆಟ್ಟದ್ದು, 230 ವೋಲ್ಟ್ ಲೈನಿಗೂ ನೀರಿಗೂ ನಡುವೆ ಬೇರ್ಪಡೆಯೇ ಇರುವುದಿಲ್ಲ.

ಟ್ರಾನ್ಸ್‌ಫಾರ್ಮರ್ ಜೋನ್‌ಗಳ ಹೊರಗಿರಬೇಕು. ಇಲ್ಲೊಂದು ಆಮಿಷ ಇದೆ. 12 ವೋಲ್ಟಿನ 50 ವ್ಯಾಟ್ ಲೈಟ್ ಸುಮಾರು 4.2 ಆಂಪಿಯರ್ ಎಳೆಯುತ್ತದೆ. ಪಂಪ್ ರೂಮ್ 30 ಮೀಟರ್ ದೂರ ಅಂದರೆ ಹೋಗಿಬರುವ ತಂತಿ 60 ಮೀಟರ್. 2.5 ಚದರ ಮಿಲಿಮೀಟರ್ ತಾಮ್ರದಲ್ಲಿ ಅದು ಸುಮಾರು 0.44 ಓಮ್, ದಾರಿಯಲ್ಲೇ 1.8 ವೋಲ್ಟ್ ಹೋಯಿತು. ಲೈಟ್ ಮಂಕಾಗಿ ಉರಿಯುತ್ತದೆ. ಆಗ ಟ್ರಾನ್ಸ್‌ಫಾರ್ಮರನ್ನೇ ಕೊಳದ ಅಂಚಿನ ಪೆಟ್ಟಿಗೆಗೆ ತಂದು ಕೂರಿಸಿಬಿಡೋಣ ಅನ್ನಿಸುತ್ತದೆ. ಅಂದರೆ 230 ವೋಲ್ಟನ್ನು ನೀರಿನ ಪಕ್ಕಕ್ಕೆ ಕರೆತಂದ ಹಾಗೆ. ಬದಲಿಗೆ 6 ಚದರ ಮಿಲಿಮೀಟರ್ ಕೇಬಲ್ ಎಳೆಯಿರಿ, ನಷ್ಟ ಸುಮಾರು 0.8 ವೋಲ್ಟಿಗೆ ಇಳಿಯುತ್ತದೆ. ದುಡ್ಡು ಜಾಸ್ತಿ, ನಿಜ. ಆ ದುಡ್ಡು ಖರ್ಚಾಗಲೇಬೇಕಾದ್ದು.

ಈಗ ನಾನು ತುಂಬಾ ದಿನ ತಪ್ಪಾಗಿ ತಿಳಿದುಕೊಂಡಿದ್ದ ವಿಷಯ. ಅರ್ಥಿಂಗ್ (ಲೋಹವನ್ನು ನೆಲಕ್ಕೆ ಕಟ್ಟುವುದು) ಮತ್ತು ಬಾಂಡಿಂಗ್ (ಲೋಹದ ಭಾಗಗಳನ್ನು ಒಂದಕ್ಕೊಂದು ಕಟ್ಟುವುದು) ಒಂದೇ ಅಂತ ಅಂದುಕೊಂಡಿದ್ದೆ, ಎರಡಕ್ಕೂ ಹಸಿರು ತಂತಿ ತಾನೇ! ಮಳೆಗಾಲದಲ್ಲಿ ಕರೆಂಟ್ ಲೀಕ್ ಆಗುವ ಕಂಬದ ಹತ್ತಿರ ಹಸು ಬಿದ್ದು ಸತ್ತ ಸುದ್ದಿ ನೀವೂ ಕೇಳಿರುತ್ತೀರಿ. ಅದು ಕಂಬವನ್ನು ಮುಟ್ಟಿರಲೇಬೇಕು ಅಂತಿಲ್ಲ. ಮುಂಗಾಲು ಮತ್ತು ಹಿಂಗಾಲು ದೂರ ಇರುವುದರಿಂದ ನೆಲದ ಎರಡು ಬೇರೆ ವೋಲ್ಟೇಜಿನ ಜಾಗದಲ್ಲಿ ನಿಂತಂತಾಗುತ್ತದೆ, ಕರೆಂಟ್ ಎದೆಯ ಮೂಲಕ ಹಾಯುತ್ತದೆ. ಕೊಲ್ಲುವುದು ಆ ವ್ಯತ್ಯಾಸ. ನೀರಿನಲ್ಲಿ ಮೈಚಾಚಿ ಈಜುವವರ ಸ್ಥಿತಿಯೂ ಅದೇ.

ಒಂದು ಲೆಕ್ಕ ನೋಡಿ. ಕಟ್ಟಡದಲ್ಲಿ ಎಲ್ಲೋ ಬೇರೆ ಕಡೆ, ಆರ್‌ಸಿಸಿಬಿ ಇಲ್ಲದ ಒಂದು ಮೋಟರ್‌ನಿಂದ 4 ಆಂಪಿಯರ್ ಅರ್ಥಿಗೆ ಸೋರುತ್ತಿದೆ. ಅರ್ಥ್ ಪಿಟ್ 5 ಓಮ್. ಎಂಸಿಬಿ (ಕರೆಂಟ್ ಮಿತಿಮೀರಿದರೆ ಆಫ್ ಆಗುವ ಸ್ವಿಚ್) ಬೀಳುವುದಿಲ್ಲ, 4 ಆಂಪಿಯರ್ ಅದಕ್ಕೆ ಏನೂ ಅಲ್ಲ. ಅರ್ಥ್ ತಂತಿಯ ಮೇಲೆ 20 ವೋಲ್ಟ್ ಏರಿತು. ಕೊಳದ ಸ್ಟೀಲ್ ಏಣಿ ಅದೇ ಅರ್ಥಿಗೆ ಕಟ್ಟಿದೆ, ಆದ್ದರಿಂದ ಏಣಿಯೂ 20 ವೋಲ್ಟ್. ನೀರು ಮತ್ತು ಒದ್ದೆ ಕಾಂಕ್ರೀಟ್ ಹೆಚ್ಚೂಕಡಿಮೆ ಸೊನ್ನೆಯಲ್ಲಿವೆ. ನೀರಿನಿಂದ ಕೈಚಾಚಿ ಏಣಿ ಹಿಡಿದವರ ಮೈಯಲ್ಲಿ 40 ಮಿಲಿಆಂಪಿಯರ್. ಕೊಳದ ಆರ್‌ಸಿಸಿಬಿ ಬೀಳುವುದೇ ಇಲ್ಲ, ಯಾಕಂದರೆ ಅದರ ಫೇಸ್ ಮತ್ತು ನ್ಯೂಟ್ರಲ್ ಎರಡೂ ಸಮವಾಗಿಯೇ ಇವೆ. ಅಪಾಯ ಬಂದದ್ದೇ ಅರ್ಥ್ ತಂತಿಯ ಮೂಲಕ.

ಬಾಂಡಿಂಗ್ ಇದ್ದರೆ? ಏಣಿ, ಹಿಡಿಕಂಬಿ, ಕಾಂಕ್ರೀಟಿನೊಳಗಿನ ಕಬ್ಬಿಣ, ಸುತ್ತಲಿನ ನೆಲದ ಜಾಲರಿ, ಲೋಹದ ಪೈಪು, ಪಂಪಿನ ಮೈ ಎಲ್ಲವನ್ನೂ ತಾಮ್ರದಿಂದ ಒಂದಕ್ಕೊಂದು ಬೆಸೆದಿರುತ್ತದೆ. 20 ವೋಲ್ಟ್ ಬಂದರೆ ಎಲ್ಲವೂ ಒಟ್ಟಿಗೆ 20ಕ್ಕೆ ಏರುತ್ತವೆ. ಕೈಗೂ ಕಾಲಿಗೂ ವ್ಯತ್ಯಾಸ ಇಲ್ಲದಂತಾಯಿತು. ಅಮೆರಿಕದ ವೈರಿಂಗ್ ಕೋಡ್‌ನ 680ನೇ ಆರ್ಟಿಕಲ್ ಓದಿದಾಗ ನನಗೆ ಇದು ಪಕ್ಕಾ ಆಯಿತು. ಅಲ್ಲಿ ಬಾಂಡಿಂಗಿಗೆ 8 ಗೇಜಿನ ಗಟ್ಟಿ ತಾಮ್ರ ಬೇಕು, ಸುಮಾರು 8.4 ಚದರ ಮಿಲಿಮೀಟರ್. ಆದರೆ ಆ ತಂತಿಯನ್ನು ದೂರದ ಪ್ಯಾನೆಲ್ ಬೋರ್ಡಿಗೋ ಅರ್ಥ್ ಎಲೆಕ್ಟ್ರೋಡಿಗೋ ಒಯ್ಯಲೇಬೇಕು ಅಂತಿಲ್ಲ. ಅದರ ಕೆಲಸ ಸಮ ಮಾಡುವುದಷ್ಟೇ. ಐಇಸಿ ಪದ್ಧತಿಯಲ್ಲಿ ಬಾಂಡಿಂಗನ್ನು ಪ್ರೊಟೆಕ್ಟಿವ್ (ಅರ್ಥ್) ತಂತಿಗೂ ಸೇರಿಸುತ್ತಾರೆ. ಎರಡರಲ್ಲೂ ತತ್ವ ಒಂದೇ. ಕಬ್ಬಿಣದ ಜೋಡಣೆಯನ್ನು ಕಾಂಕ್ರೀಟ್ ಹಾಕುವ ಮುಂಚೆಯೇ ನೋಡಿ, ಫೋಟೊ ತೆಗೆದಿಟ್ಟುಕೊಳ್ಳಬೇಕು. ಆಮೇಲೆ ಕಣ್ಣಿಗೆ ಸಿಗುವುದಿಲ್ಲ.

ಆರ್‌ಸಿಸಿಬಿ ಬೇಡ ಅಂತ ಇದರರ್ಥ ಅಲ್ಲ. 230 ವೋಲ್ಟಿನ ಪಂಪಿಗೆ 30 ಮಿಲಿಆಂಪಿಯರ್‌ನದ್ದು ಬೇಕೇ ಬೇಕು. ಆದರೆ ಐಸೊಲೇಟಿಂಗ್ ಟ್ರಾನ್ಸ್‌ಫಾರ್ಮರ್‌ನ ಆಚೆ ಏನಾದರೂ ಅದಕ್ಕೆ ಕಾಣುವುದಿಲ್ಲ. ವೇಗ ಬದಲಿಸುವ ಡ್ರೈವ್ ಇರುವ ಪಂಪಾದರೆ ಡಿಸಿ ಸೋರಿಕೆಯಿಂದ ಎಸಿ ಟೈಪ್ (ಎಸಿ ಸೋರಿಕೆಯನ್ನಷ್ಟೇ ಗುರುತಿಸುವ) ಆರ್‌ಸಿಸಿಬಿ ಕುರುಡಾಗಬಹುದು, ಡ್ರೈವ್ ತಯಾರಕರು ಹೇಳಿದ ಟೈಪನ್ನೇ ಹಾಕಿ. ಟೆಸ್ಟ್ ಬಟನ್ ಒತ್ತಿದಾಗ ಗೊತ್ತಾಗುವುದು ಆ ಸಾಧನ ಬೀಳುತ್ತದೆ ಅನ್ನುವುದು ಮಾತ್ರ. ಅರ್ಥ್ ತಂತಿ ತುಂಡಾಗಿದ್ದರೂ ಬಟನ್ ಕೆಲಸ ಮಾಡುತ್ತದೆ.

ಸ್ಪಾದಲ್ಲಿ ಅಪಾಯ ಇನ್ನೂ ಹತ್ತಿರ. ಹೀಟರ್ ಎಲಿಮೆಂಟ್ ಜನ ಕೂತ ಅದೇ ನೀರಿನ ದಾರಿಯಲ್ಲಿದೆ, ಅದರ ಕವಚ ತೂತಾದರೆ ಫೇಸ್ ನೇರ ನೀರಿಗೆ. ಹೋಟೆಲಿನಂಥ ಕಡೆಯ ಸ್ಪಾಗೆ ಅಮೆರಿಕದ ಕೋಡ್ ಕಣ್ಣಿಗೆ ಕಾಣುವ ಎಮರ್ಜೆನ್ಸಿ ಸ್ವಿಚ್ ಕೇಳುತ್ತದೆ, ಅಂಚಿನಿಂದ ಕನಿಷ್ಠ 5 ಅಡಿ ದೂರದಲ್ಲಿ. ನೀರಲ್ಲಿ ಕೂತು ಕೈಚಾಚಿದರೆ ಸಿಗಬಾರದು, ದಡದಲ್ಲಿದ್ದವರಿಗೆ ತಕ್ಷಣ ಸಿಗಬೇಕು. ಯಾರಾದರೂ ನೀರಲ್ಲಿ ಬಿಗಿದುಕೊಂಡಂತೆ ಕಂಡರೆ ಹಾರಬೇಡಿ. ಮೊದಲು ಮೇನ್ ಆಫ್. ಆಮೇಲೆ ಒಣ ಹಗ್ಗ ಅಥವಾ ಪ್ಲಾಸ್ಟಿಕ್ ಟ್ಯೂಬ್ ಎಸೆಯಿರಿ.

ಕೊನೆಗೆ ಪರೀಕ್ಷೆಗಳು. 230 ವೋಲ್ಟ್ ಸರ್ಕ್ಯೂಟಿಗೆ 500 ವೋಲ್ಟಿನ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್), ಕನಿಷ್ಠ 1 ಮೆಗಾಓಮ್. ಸೆಲ್ವ್ ಸರ್ಕ್ಯೂಟಿಗೆ 250 ವೋಲ್ಟ್, ಕನಿಷ್ಠ 0.5 ಮೆಗಾಓಮ್, ಎಲ್‌ಇಡಿ ಡ್ರೈವರ್ ಬಿಚ್ಚಿಟ್ಟು ಮಾಡಿ. ಬಾಂಡಿಂಗಿಗೆ ಕಂಟಿನ್ಯುಟಿ, ಅಂದರೆ ತಂತಿ ಎಲ್ಲೂ ತುಂಡಾಗಿಲ್ಲ ಅನ್ನುವ ಪರೀಕ್ಷೆ. ಆ ಪಂಪ್ ರೂಮಿನ ದಿನ ನಮ್ಮ ಮೇಸ್ತ್ರಿ ಮೀಟರಿನ ಒಂದು ಕಡ್ಡಿಯನ್ನು ಪಂಪಿನ ಮೈಗೆ, ಇನ್ನೊಂದನ್ನು ಉದ್ದ ತಂತಿಯಲ್ಲಿ ಏಣಿಗೆ ಹಿಡಿಸಿದರು. ಮೊದಲ ಏಣಿಗೆ 0.3 ಓಮ್. ಎರಡನೆಯದಕ್ಕೆ ಮೀಟರ್ ಓಪನ್ ತೋರಿಸಿತು. ಏಣಿಯ ಬುಡದ ಮುಚ್ಚಳ ತೆಗೆದಾಗ ಲಗ್ (ತಂತಿಯ ತುದಿಯನ್ನು ಬೋಲ್ಟಿಗೆ ಸೇರಿಸುವ ಲೋಹದ ತುಂಡು) ಅಲ್ಲೇ ಇತ್ತು, ಬೋಲ್ಟೂ ಬಿಗಿಯಾಗಿತ್ತು. ಕ್ಲೋರಿನ್ ನೀರು ತಿಂದು ತಾಮ್ರ ಹಸಿರು ಪುಡಿಯಾಗಿ, ತಂತಿ ಲಗ್ಗಿನ ಕತ್ತಿನಲ್ಲೇ ಕಳಚಿಕೊಂಡಿತ್ತು. ಮೇಲಿನಿಂದ ನೋಡಿದರೆ ಎಲ್ಲ ಸರಿಯಿದ್ದ ಹಾಗೇ ಇತ್ತು. ಮೇಸ್ತ್ರಿ ಕೊಳಕ್ಕೆ ಬೀಗ ಹಾಕಿಸಿ, ತುಂಡನ್ನು ಕತ್ತರಿಸಿ, ತಂತಿಯ ಹೊಳೆಯುವ ತಾಮ್ರ ಸಿಗುವವರೆಗೆ ಸಿಪ್ಪೆ ಸುಲಿದು, ತವರ ಲೇಪದ ಹೊಸ ಲಗ್ ಒತ್ತಿದರು. ಮತ್ತೆ ಅಳೆದಾಗ 0.3 ಓಮ್ ಬಂತು. ಆಮೇಲೇ ಬೀಗ ತೆಗೆಸಿದರು.