ಶೇಕರ್ ಶಟರ್ ಕೇಳುವ ಮೊದಲು

ಮಾಡ್ಯುಲರ್ ಅಡುಗೆಮನೆ ಮಾಡಿಸಲು ಬರುವವರಲ್ಲಿ ಹಲವರು ಈಗ ‘ಶೇಕರ್ ಶಟರ್ ಹಾಕಿಕೊಡಿ’ ಎನ್ನುತ್ತಾರೆ. ಶಟರ್ ಎಂದರೆ ಕಪಾಟಿನ ಬಾಗಿಲು. ಸುತ್ತ ಚೌಕಟ್ಟು, ನಡುವೆ ತಗ್ಗಿನಲ್ಲಿ ಹಲಗೆ, ತಿಳಿ ಬೂದು ಬಣ್ಣ. ಹಾಕಿಕೊಡುವುದು ಸುಲಭ. ಆದರೆ ಶೇಕರರ ಮನೆಗಳಲ್ಲಿದ್ದ ಅಚ್ಚುಕಟ್ಟು ಶಟರ್ ಜೊತೆ ಬರುವುದಿಲ್ಲ.

ಶೇಕರರದು ಒಂದು ಕ್ರೈಸ್ತ ಪಂಥ. ಆನ್ ಲೀ ಎಂಬಾಕೆಯ ಹಿಂದೆ 1774ರಲ್ಲಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋದ ಪುಟ್ಟ ಗುಂಪು ಮುಂದೆ ಹಲವು ಊರುಗಳನ್ನೇ ಕಟ್ಟಿತು. ಬ್ರಹ್ಮಚರ್ಯದ ಬದುಕು, ಆಸ್ತಿಯೆಲ್ಲ ಸಮುದಾಯದ್ದು, ಒಂದೊಂದು ಮನೆಯಲ್ಲೂ ಹತ್ತಾರು ಜನ. ಅಷ್ಟು ಜನರ ಬಟ್ಟೆಬರೆಗೆ ಜಾಗ ಗೊತ್ತುಮಾಡದೆ ದಿನ ಸಾಗುವಂತಿರಲಿಲ್ಲ. ನ್ಯೂ ಹ್ಯಾಂಪ್‌ಶೈರ್‌ನ ಕ್ಯಾಂಟರ್‌ಬರಿಯಲ್ಲಿ ಅವರ ವಸತಿಗೃಹದ ಅಟ್ಟದಲ್ಲಿ ಗೋಡೆಗೇ ಕೂಡಿಸಿ ಕಟ್ಟಿದ 100 ಡ್ರಾಯರ್‌ಗಳಿವೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅವರ ಗೂಟದ ಪಟ್ಟಿ. ಕೋಣೆಯ ಸುತ್ತ ಗೋಡೆಗೆ ಮರದ ಪಟ್ಟಿ, ಅದರಲ್ಲಿ ಸಾಲು ಗೂಟ. ಟೋಪಿ, ಅಂಗಿ, ಪೊರಕೆ ಎಲ್ಲ ಅಲ್ಲೇ. ಕುರ್ಚಿಯನ್ನೂ ತೂಗುಹಾಕುತ್ತಿದ್ದರು, ಅದೂ ತಲೆಕೆಳಗಾಗಿ: ಕೂರುವ ಕಡೆ ಧೂಳು ಬೀಳಬಾರದು, ನೆಲ ಗುಡಿಸಲು ಅಡ್ಡಿಯಾಗಬಾರದು. ಬರೀ ಚೆಂದಕ್ಕೆಂದು ಅಂಚುಪಟ್ಟಿ, ಕಾರ್ನಿಸ್ ಮಾಡಕೂಡದು ಎಂದು ಅವರ 1845ರ ನಿಯಮಾವಳಿಯಲ್ಲೇ ಇತ್ತು.

ಬಾಗಿಲಿನ ಆ ಚೌಕಟ್ಟೂ ಚೆಂದಕ್ಕಲ್ಲ. ಮರ ತೇವಕ್ಕೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ನಡುವಿನ ಹಲಗೆಗೆ ಅಂಟು ಹಾಕದೆ ಚೌಕಟ್ಟಿನ ಗ್ರೂವ್‌ನಲ್ಲಿ ಸಡಿಲವಾಗಿ ಕೂರಿಸಿದರೆ ಬಾಗಿಲು ಸೀಳುವುದಿಲ್ಲ, ಸೊಟ್ಟಗಾಗುವುದಿಲ್ಲ. ಬಡಗಿಗಳ ಹಳೆಯ ಜಾಣ್ಮೆ ಇದು. ಎಂಡಿಎಫ್, ಅಂದರೆ ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ, ಮರದಷ್ಟು ಹಿಗ್ಗಿ ಕುಗ್ಗುವುದಿಲ್ಲ. ಅದರ ಮೇಲೆ ಮೆಷಿನ್ ಕೊರೆದ ಚೌಕಟ್ಟು ಬರೀ ಅಲಂಕಾರ, ಶೇಕರರು ಬೇಡವೆಂದದ್ದೇ ಅದನ್ನು. ಒಲೆಯ ಪಕ್ಕದಲ್ಲಂತೂ ಒಗ್ಗರಣೆಯ ಜಿಡ್ಡು ನೇರ ಹೋಗಿ ಆ ಒಳಮೂಲೆಗಳಲ್ಲೇ ಕೂರುತ್ತದೆ. ಅಲ್ಲಿ ಸಪಾಟು ಶಟರ್ ಸಾಕು ಎಂದೇ ನಾನು ಹೇಳುವುದು.

ಉಳಿದ ದುಡ್ಡು ಡ್ರಾಯರ್‌ಗಳಿಗೆ ಹೋಗಲಿ. ನಕ್ಷೆ ಬರೆಯುವ ಮುನ್ನ ಪಾತ್ರೆಗಳನ್ನೆಲ್ಲ ಕೆಳಗಿಳಿಸಿ, ಕುಕ್ಕರ್, ಇಡ್ಲಿ ಪಾತ್ರೆ, ಡಬ್ಬಿಗಳ ಎತ್ತರ ಅಳೆಯಿರಿ. ಡ್ರಾಯರ್‌ನ ಆಳ ಆ ಅಳತೆಯಿಂದ ಹುಟ್ಟಬೇಕು. ವರ್ಷದಿಂದ ಮುಟ್ಟದ್ದನ್ನು ಅಳೆಯಲೇಬೇಡಿ, ಯಾರಿಗಾದರೂ ಕೊಟ್ಟುಬಿಡಿ.

ಬಾಗಿಲ ಬಳಿ ಒಂದು ಗೂಟದ ಪಟ್ಟಿಯೂ ಇರಲಿ. ಬ್ಯಾಗು, ಛತ್ರಿ, ಹೆಲ್ಮೆಟ್ ಸೇರಿದರೆ ಭಾರ ಕಡಿಮೆಯೇನಲ್ಲ. ಸ್ಕ್ರೂ ಗಾರೆ ದಾಟಿ ಇಟ್ಟಿಗೆಯನ್ನೇ ಹಿಡಿಯಬೇಕು. ಮಕ್ಕಳಿದ್ದರೆ ಅವರ ಕೈಗೆಟಕುವಂತೆ ಕೆಳಗೆ ಇನ್ನೊಂದು ಪಟ್ಟಿ ಹೊಡೆಸಿ.