ಇದು ಅಸಲಿ ನೀಲಕುರಿಂಜಿಯೇ ಸಾರ್?

ಪ್ರಶ್ನೆ: ಮುಳ್ಳಯ್ಯನಗಿರಿ ಕಡೆ ಹೋಗಿದ್ದಾಗ ಗುಡ್ಡದ ಬದಿಯಲ್ಲಿ ನೀಲಿ ಹೂವಿನ ಪೊದೆಗಳು ಕಂಡವು. ಫೋಟೊ ಕಳಿಸಿದ್ದೇನೆ. ಇದು ನೀಲಕುರಿಂಜಿಯೇ? ಅದು 2018ರಲ್ಲೇ ಅರಳಿತು, ಇನ್ನು 2030ಕ್ಕೇ ಅಂತಾರಲ್ಲ. ಹಾಗಾದರೆ ಇದು ಡೂಪ್ಲಿಕೇಟಾ?

ಮಳೆ ಇಳಿಮುಖವಾಗುವ ಹೊತ್ತಿಗೆ ಈ ಪ್ರಶ್ನೆ ತಪ್ಪದೆ ಬರುತ್ತದೆ. ಜೊತೆಗೆ ಬರುವ ಫೋಟೊದಲ್ಲಿ ಹೂವಿರುತ್ತದೆ, ಹಿನ್ನೆಲೆಯಲ್ಲಿ ಮಂಜಿರುತ್ತದೆ, ಕಳಿಸಿದವರ ನಗುಮುಖವೂ ಇರುತ್ತದೆ. ಎಲೆ ಮಾತ್ರ ಇರುವುದಿಲ್ಲ.

ಮೊದಲು ಆ 2030ರ ಲೆಕ್ಕ ಮುಗಿಸೋಣ. ಅದು ಮುನ್ನಾರ್ ಸುತ್ತಿನ ಲೆಕ್ಕ. ಅಲ್ಲಿ 1994, 2006, 2018 ಎಂದು ಹನ್ನೆರಡು ವರ್ಷಕ್ಕೊಮ್ಮೆ ಗುಡ್ಡಗಳು ನೀಲಿಯಾದದ್ದು ನಿಜ. ಆದರೆ ಪಶ್ಚಿಮ ಘಟ್ಟದ ಕುರಿಂಜಿಯೆಲ್ಲ ಮುನ್ನಾರಿನ ಪಂಚಾಂಗ ನೋಡಿಕೊಂಡು ಅರಳಬೇಕು ಎಂದು ಯಾರು ಹೇಳಿದರು? ಈ ಗಿಡ ಬಾಳಿನಲ್ಲಿ ಒಂದೇ ಸಲ ಹೂ ಬಿಟ್ಟು, ಬೀಜ ಉದುರಿಸಿ, ಒಣಗಿ ಸಾಯುತ್ತದೆ. ಆ ಬೀಜ ಮೊಳೆತಲ್ಲಿಂದ ಹೊಸ ಎಣಿಕೆ. ಹೀಗಾಗಿ ಒಂದು ಗುಡ್ಡದ ಗಿಡಗಳೆಲ್ಲ ಒಂದೇ ಬ್ಯಾಚು, ಪಕ್ಕದ ಗುಡ್ಡದ್ದು ಬೇರೆ ಬ್ಯಾಚು. ಎಲ್ಲ ಬ್ಯಾಚಿಗೂ ಎಸ್ಸೆಸ್ಸೆಲ್ಸಿ ಒಂದೇ ವರ್ಷ ಬರಲು ಸಾಧ್ಯವೇ? ಮುನ್ನಾರ್ ಇರುವ ಇಡುಕ್ಕಿ ಜಿಲ್ಲೆಯಲ್ಲೇ, ಶಾಂತನ್‌ಪಾರಾ ಬಳಿಯ ಕಳ್ಳಿಪ್ಪಾರಾ ಗುಡ್ಡ 2022ರಲ್ಲಿ ತುಂಬಿ ಅರಳಿತು. ಅದೇ ವರ್ಷ ಮುಳ್ಳಯ್ಯನಗಿರಿ ಇರುವ ನಮ್ಮ ಚಂದ್ರದ್ರೋಣ ಪರ್ವತದಲ್ಲೂ ಹೂವಿನ ಜಾತ್ರೆ. ಕ್ಯಾಲೆಂಡರ್ ನೋಡಿ ಅಸಲಿ, ನಕಲಿ ತೀರ್ಮಾನಿಸುವ ಈ ಚಾಳಿಯ ಬಗ್ಗೆ ಹೇಳಿ ಹೇಳಿ ನನಗಂತೂ ಸಾಕಾಗಿದೆ.

ಇದೇ ಭ್ರಮೆಯ ಇನ್ನೊಂದು ಮುಖ: ಗುಡ್ಡದ ಮೇಲೆ ನೀಲಿ ಕಂಡರೆ ಸಾಕು, ನೀಲಕುರಿಂಜಿ. ಸ್ಟ್ರೋಬಿಲಾಂಥಿಸ್ ಎಂಬ ಈ ಕುಲದಲ್ಲಿ ಮುನ್ನೂರಕ್ಕೂ ಹೆಚ್ಚು ಪ್ರಭೇದಗಳಿವೆ, ನೀಲಿ, ನೇರಳೆ ಹೂವಿನವು ಬೇಕಾದಷ್ಟು. ಕೆಲವು ವರ್ಷವರ್ಷವೂ ಅರಳುತ್ತವೆ. ಮುಂಬೈ ಕಡೆಯ ಕಾರ್ವಿ ಎಂಟು ವರ್ಷಕ್ಕೊಮ್ಮೆ. 2008ರಲ್ಲಿ, ಮತ್ತೆ 2016ರಲ್ಲಿ ಅರಳಿತ್ತು. ಹನ್ನೆರಡರ ಲೆಕ್ಕ ನೀಲಕುರಿಂಜಿಯದ್ದು, ಅಂದರೆ ಸ್ಟ್ರೋಬಿಲಾಂಥಿಸ್ ಕುಂತಿಯಾನಾದ್ದು, ಇಡೀ ವಂಶದ್ದಲ್ಲ.

ಹಾಗಾದರೆ ಗುರುತು ಹಿಡಿಯುವುದು ಹೇಗೆ? ಜಾಗ ನೋಡಿ: ಶೋಲಾ ಕಾಡಿನ (ಬೆಟ್ಟದ ಕಣಿವೆಗಳ ಕುಳ್ಳ ನಿತ್ಯಹಸಿರು ಕಾಡು) ಪಕ್ಕದ ಬಯಲು ಹುಲ್ಲುಗಾವಲು, ಸುಮಾರು 1,300 ಮೀಟರಿನಿಂದ ಮೇಲೆ. ಗಿಡ ಅಲ್ಲಿ ಸಾಮಾನ್ಯವಾಗಿ ಮೊಣಕಾಲು, ಸೊಂಟದ ಮಟ್ಟ. ಕಾರ್ವಿಯಾದರೆ ಆಳೆತ್ತರ ಮೀರುತ್ತದೆ. ಆಮೇಲೆ ಎಲೆ. ಅಂಚಿನಲ್ಲಿ ಹಲ್ಲು, ಬುಡದಲ್ಲಿ ತೊಟ್ಟು ಇರಬೇಕು. ತೊಟ್ಟೇ ಇಲ್ಲದೆ ಎಲೆ ಕಾಂಡಕ್ಕೆ ಅಂಟಿಕೊಂಡಿದ್ದರೆ ಅದು ಸ್ಟ್ರೋಬಿಲಾಂಥಿಸ್ ಸೆಸಿಲಿಸ್ ಎಂಬ ಬೇರೆ ಪ್ರಭೇದ ಇರಬಹುದು. ಲ್ಯಾಟಿನ್ನಿನಲ್ಲಿ ಆ ಹೆಸರಿಗೆ ಅರ್ಥವೇ ಹಾಗೆ. ಮುಂದಿನ ಸಲ ಎಲೆಯ ಎರಡೂ ಬದಿಯ ಫೋಟೊ ತೆಗೆಯಿರಿ. ಕಿತ್ತು ತರಬೇಡಿ, ಗಿಡ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೂರನೇ ಅನುಸೂಚಿಯಲ್ಲಿದೆ. ನೀವು ಈಗ ಕಳಿಸಿದ ಫೋಟೊ ನೋಡಿ ಕುರಿಂಜಿಯ ಕುಲ ಎನ್ನಬಲ್ಲೆ, ಅಷ್ಟೇ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಸಸ್ಯಶಾಸ್ತ್ರಜ್ಞರಿಗೇ ಈ ಕುಲ ಸುಲಭದ ತುತ್ತಲ್ಲ. ಗಿಡಗಳ ವರ್ಗೀಕರಣ ಹೆಚ್ಚಾಗಿ ನಿಂತಿರುವುದು ಹೂವು, ಕಾಯಿಯ ಮೇಲೆ. ಹನ್ನೆರಡರಲ್ಲಿ ಹನ್ನೊಂದು ವರ್ಷ ನೀಲಕುರಿಂಜಿಯಲ್ಲಿ ಅವೆರಡೂ ಇಲ್ಲ. ಒಂದೇ ಗುಡ್ಡವನ್ನು ನೆಚ್ಚಿಕೊಂಡವರು ನಿವೃತ್ತಿಯೊಳಗೆ ಮೂರು ಸಲ ಹೂ ಕಂಡರೆ ಪುಣ್ಯ. 1832ರಲ್ಲಿ ಜರ್ಮನಿಯ ನೀಸ್ ಇದಕ್ಕೆ ಫ್ಲೆಬೋಫಿಲ್ಲಮ್ ಕುಂತಿಯಾನಮ್ ಎಂದು ಹೆಸರಿಟ್ಟರು, ಮುಂದೆ ಅದನ್ನು ಸ್ಟ್ರೋಬಿಲಾಂಥಿಸ್‌ಗೆ ಸೇರಿಸಿದರು. 1944ರಲ್ಲಿ ಬ್ರೆಮೆಕಾಂಪ್ ಎಂಬ ಡಚ್ ವಿದ್ವಾಂಸರು ಪರಾಗದ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ಹೋಲಿಸಿ ಈ ಗುಂಪನ್ನು ಐವತ್ತಕ್ಕೂ ಹೆಚ್ಚು ಕುಲಗಳಾಗಿ ಒಡೆದರು. ಆಮೇಲಿನವರು ಬಹುಪಾಲು ಮತ್ತೆ ಒಟ್ಟುಗೂಡಿಸಿದರು. ಅವಿಭಕ್ತ ಕುಟುಂಬ, ಪಾಲು, ಮತ್ತೆ ಒಂದೇ ಒಲೆ.

ಇನ್ನು ಈ ಕುಟುಂಬದ ನೆಂಟರು ನಿಮ್ಮ ಹಿತ್ತಲಲ್ಲೇ ಇದ್ದಾರೆ: ಕನಕಾಂಬರ, ಗೋರಂಟೆ, ಆಡುಸೋಗೆ. ಕನಕಾಂಬರದ ಒಣಗಿದ ಕಾಯಿಗೆ ನೀರು ತಾಗಿಸಿ ನೋಡಿ, ಚಟ್ ಎಂದು ಸಿಡಿದು ಬೀಜ ಎಗರುತ್ತದೆ. ಕುರಿಂಜಿಯ ಕಾಯಿ ಸಿಡಿಯುವುದೂ ಅದೇ ಮನೆತನದ ವಿದ್ಯೆ. ಇದನ್ನು ನೋಡಲು ಮಾತ್ರ ಹನ್ನೆರಡು ವರ್ಷ ಕಾಯಬೇಕಿಲ್ಲ.