ಛಾಪಾ ಕಾಗದ ಆಮೇಲೆ, ಸಾಕ್ಷಿ ಯಾರು ಹೇಳಿ

ಉಯಿಲು ಹಿಡಿದು ಬಂದವರು ಮೊದಲು ತೋರಿಸುವುದು ಛಾಪಾ ಕಾಗದವನ್ನು, ಆಮೇಲೆ ನೋಂದಣಿ ಕಚೇರಿಯ ಮೊಹರನ್ನು. ಎರಡೂ ಕಡ್ಡಾಯವಲ್ಲ. ಬಿಳಿ ಹಾಳೆಯಲ್ಲಿ ಕೈಯಾರೆ ಬರೆದರೂ ನಡೆಯುತ್ತದೆ. 1908ರ ನೋಂದಣಿ ಕಾಯ್ದೆ ಉಯಿಲಿನ ನೋಂದಣಿಯನ್ನು ನಿಮ್ಮ ಇಷ್ಟಕ್ಕೇ ಬಿಟ್ಟಿದೆ. ಮಾಡಿಸಿದರೆ ಒಳ್ಳೆಯದೇ, ಬೇಡ ಎನ್ನುವುದಿಲ್ಲ. ಆದರೆ ನಾನು ಮೊದಲು ನೋಡುವುದು ಕೊನೆಯ ಪುಟದ ಸಾಕ್ಷಿ ಸಹಿಗಳನ್ನು.

1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಂ ಪ್ರಕಾರ ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು. ನೀವು ಸಹಿ ಅಥವಾ ಹೆಬ್ಬೆಟ್ಟು ಹಾಕಿದ್ದನ್ನು ಇಬ್ಬರೂ ಕಣ್ಣಾರೆ ಕಂಡಿರಬೇಕು, ಇಲ್ಲವೇ ‘ಇದು ನನ್ನ ಸಹಿ’ ಎಂದು ನಿಮ್ಮ ಬಾಯಿಂದಲೇ ಕೇಳಿರಬೇಕು. ಆಮೇಲೆ ಅವರು ನಿಮ್ಮೆದುರಿಗೇ ಸಹಿ ಹಾಕಬೇಕು. ನಿಮ್ಮೆದುರಿಗೇ. ಸಾಕ್ಷಿಗಳಿಬ್ಬರೂ ಒಟ್ಟಿಗೆ ಇರಲೇಬೇಕೆಂದಿಲ್ಲ. ಒಬ್ಬರು ಬೆಳಿಗ್ಗೆ, ಇನ್ನೊಬ್ಬರು ಸಂಜೆ ಬಂದರೂ ಆದೀತು. ಎರಡು ಸಲವೂ ನೀವು ಅಲ್ಲಿರಬೇಕು, ಅಷ್ಟೇ.

ಇದನ್ನು ಎಷ್ಟು ಹೇಳಿದರೂ ಜನಕ್ಕೆ ನಾಟುವುದಿಲ್ಲ. ತಮ್ಮನ್ನು ನೋಡಿಕೊಂಡ ಮಗಳಿಗೆ ಮನೆ ಸಿಗಲೆಂದು ಒಬ್ಬ ಹಿರಿಯರು ಉಯಿಲು ಬರೆದರು, ಅಚ್ಚುಕಟ್ಟಾಗಿಯೇ. ಅಳಿಯ ಅದನ್ನು ಪರಿಚಯದವರ ಮನೆಗೆ ಒಯ್ದು ‘ಮಾವ ಆಗಲೇ ಹಾಕಿದ್ದಾರೆ, ನೀವೂ ಇಲ್ಲೊಂದು ಹಾಕಿಬಿಡಿ’ ಎಂದ. ವರ್ಷಗಳ ನಂತರ ಕಟಕಟೆಯಲ್ಲಿ ನಿಂತ ಆ ಸಾಕ್ಷಿಗೆ ಎದುರು ವಕೀಲರು ಕೇಳಿದ್ದು ಒಂದೇ ಪ್ರಶ್ನೆ: ಯಜಮಾನರು ಸಹಿ ಹಾಕಿದ್ದನ್ನು ನೀವು ನೋಡಿದಿರಾ? ‘ಇಲ್ಲ ಸ್ವಾಮಿ, ಅಳಿಯಂದಿರು ಮನೆಗೇ ತಂದಿದ್ದರು.’ ಪ್ರಾಮಾಣಿಕ ಮನುಷ್ಯ, ಬೈಯುವಂತಿಲ್ಲ. ಉಯಿಲು ಬಿದ್ದುಹೋಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಮಕ್ಕಳಿಗೆಲ್ಲ ಸಮಪಾಲು. ಕೊನೆಗಾಲದಲ್ಲಿ ತಿರುಗಿಯೂ ನೋಡದ ಗಂಡುಮಕ್ಕಳಿಗೂ.

‘ಸಬ್ ರಿಜಿಸ್ಟ್ರಾರೇ ಸಹಿ ಹಾಕಿದ್ದಾರಲ್ಲ ಸಾರ್’ ಎನ್ನುವವರಿದ್ದಾರೆ. ಅವರು ಹಾಕುವುದು ನೋಂದಣಿಯ ಕರ್ತವ್ಯಕ್ಕಾಗಿ. ಬಿಕ್ಕಲಂ, ಅಂದರೆ ‘ಇದನ್ನು ಬರೆದವನು ನಾನು’ ಎಂಬ ಒಕ್ಕಣೆ, ಹಾಕುವ ಪತ್ರಬರಹಗಾರರ ಸಹಿಯೂ ಹಾಗೆಯೇ. ಸಾಕ್ಷಿಯಾಗುವ ಉದ್ದೇಶದಿಂದಲೇ ಹಾಕಿದ ಸಹಿ ಮಾತ್ರ ಸಾಕ್ಷಿ ಸಹಿ ಎಂದು ಸುಪ್ರೀಂ ಕೋರ್ಟ್ 1969ರಲ್ಲೇ ಹೇಳಿದೆ. ವಿಶೇಷ ಸಂದರ್ಭಗಳಲ್ಲಿ ವಾದಕ್ಕೆ ಜಾಗವಿರಬಹುದು. ಅದನ್ನು ನಂಬಿ ಕೂರಬೇಡಿ.

ಇನ್ನು ಕೆಲವರಿಗೆ ಸಾಕ್ಷಿ ಹಾಕಿದವರು ಒಳಗಿನ ಗುಟ್ಟು ಊರೆಲ್ಲ ಹೇಳಿಯಾರೆಂಬ ಭಯ. ಸಾಕ್ಷಿ ಉಯಿಲನ್ನು ಓದಬೇಕಾಗಿಯೇ ಇಲ್ಲ. ಬರಹವನ್ನು ಮುಚ್ಚಿಟ್ಟು ಸಹಿಯ ಜಾಗವನ್ನಷ್ಟೇ ತೋರಿಸಿ.

ಮುದ್ದು ಬರುವಂಥ ತಪ್ಪೂ ಒಂದಿದೆ. ಗೌರವದಿಂದ ತಮಗಿಂತ ಹಿರಿಯರನ್ನೇ ಹುಡುಕಿ ಸಹಿ ಹಾಕಿಸುತ್ತಾರೆ! ಉಯಿಲು ನ್ಯಾಯಾಲಯಕ್ಕೆ ಬರುವುದು ನೀವು ಹೋದ ಮೇಲೆ. ಬದುಕಿರುವ, ಬರಲು ಶಕ್ತರಾದ ಸಾಕ್ಷಿಗಳಿದ್ದರೆ ಅವರಲ್ಲಿ ಒಬ್ಬರನ್ನಾದರೂ ಕರೆಸಿ ಹೇಳಿಸಬೇಕು. ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿದ್ದ ಈ ನಿಯಮ 2023ರ ಹೊಸ ಅಧಿನಿಯಮದಲ್ಲೂ ಇದೆ. ಇಬ್ಬರೂ ತೀರಿಕೊಂಡಿದ್ದರೆ ಅವರ ಕೈಬರಹ ಗುರುತಿಸುವವರನ್ನು ಹುಡುಕಿಕೊಂಡು ಅಲೆಯಬೇಕು. ಮೂವತ್ತು ನಲವತ್ತರ ವಯಸ್ಸಿನ, ವಿಳಾಸ ಬದಲಿಸದ, ನಿಮ್ಮ ಆಸ್ತಿಯಲ್ಲಿ ಪಾಲಿಲ್ಲದ ನೆರೆಯವರು ಸಾಕು. ಪಾಲು ಪಡೆಯುವವರು ಸಾಕ್ಷಿಯಾಗುವುದಿರಲಿ, ಬರೆಸುವ ಓಡಾಟವನ್ನೂ ಅವರ ಕೈಗೆ ಕೊಡದಿರುವುದು ಲೇಸು. ಲಾಭ ಪಡೆಯುವವನೇ ಮುಂದೆ ನಿಂತು ಉಯಿಲು ಮಾಡಿಸಿದ್ದರೆ ಆ ಸಂಶಯವನ್ನು ನಿವಾರಿಸುವ ಹೊಣೆ ಅವನದೇ ಎಂದು ಮೈಸೂರು ಸೀಮೆಯಿಂದ ಸುಪ್ರೀಂ ಕೋರ್ಟಿಗೆ ಹೋದ ಎಚ್. ವೆಂಕಟಾಚಲ ಅಯ್ಯಂಗಾರ್ ಪ್ರಕರಣದಲ್ಲಿ 1958ರ ತೀರ್ಪು ಹೇಳುತ್ತದೆ. ಇಂದಿಗೂ ಎದುರು ವಕೀಲರು ಮೊದಲು ಎತ್ತುವುದು ಅದನ್ನೇ.

ಮುಸ್ಲಿಮರ ವಸೀಯತ್ತಿಗೆ ನಿಯಮಗಳು ಬೇರೆ, ಮೇಲಿನದನ್ನು ಅದಕ್ಕೆ ಹೊಂದಿಸಬೇಡಿ. ಉಳಿದವರು ನಿಮ್ಮ ಹಳೆಯ ಉಯಿಲಿನ ಸಾಕ್ಷಿಗಳ ಬಗ್ಗೆ ಅನುಮಾನವಿದ್ದರೆ ತಿದ್ದಲು ಹೋಗದೆ ಹೊಸದನ್ನೇ ಬರೆಯಿರಿ. ‘ಇಂಥ ದಿನಾಂಕದ ಉಯಿಲನ್ನು ರದ್ದುಪಡಿಸಿದ್ದೇನೆ’ ಎಂಬ ಸಾಲು ಅದರಲ್ಲಿರಲಿ. ಸಹಿ ಹಾಕಲು ಮಾತ್ರ ಸಾಕ್ಷಿಗಳು ಬರುವವರೆಗೆ ಕಾಯಿರಿ.